ಶೂ ಕಂಪನಿ ನಡೆಸಲು ಒಳಗಿನವರೇ ಬೇಕಾ?

ಪರ

ಮುಂಬಯಿ ಕನ್ನಡಿಗರಿಗೆ ಇದು ಹಳೇ ಪ್ರಶ್ನೆ. ಫೋರ್ಟ್‌ನ ಉಡುಪಿ ಹೋಟೆಲಿಗೆ ಕ್ಲೀನರ್ ಆಗಿ ಸೇರಿ, ರಾತ್ರಿ ಶಾಲೆಯಲ್ಲಿ ಓದಿ, ಮಾಣಿಯಾಗಿ, ಗಲ್ಲಾದ ಮೇಲೆ ಕೂತು, ಕೊನೆಗೆ ಸ್ವಂತ ಹೋಟೆಲ್ ಹಾಕಿದವರು ನಮ್ಮಲ್ಲಿ ಬೇಕಾದಷ್ಟು ಮಂದಿ. ಸಾಂಬಾರು ನೀರಾಗಿದೆ ಅಂತ ಅವರಿಗೆ ಯಾರೂ ಹೇಳಬೇಕಿಲ್ಲ.

ಅಮೆರಿಕದ ಶೂ ಕಂಪನಿ ನೈಕಿಯ ಎಲಿಯಟ್ ಹಿಲ್ ಹಿಡಿದದ್ದೂ ಇಂಥದೇ ದಾರಿ. 1988ರಲ್ಲಿ ಇಂಟರ್ನ್ ಆಗಿ ಸೇರಿದರು. ಹಂತ ಹಂತವಾಗಿ ಮೇಲೆ ಬಂದು 2020ರಲ್ಲಿ ನಿವೃತ್ತರಾದರು. ಅದೇ ವರ್ಷದ ಜನವರಿಯಲ್ಲಿ ಸಿಇಒ ಕುರ್ಚಿಗೆ ಬಂದವರು ಜಾನ್ ಡೊನಹೋ. ಸಲಹಾ ಸಂಸ್ಥೆ ಬೇನ್, ಆನ್‌ಲೈನ್ ಮಾರಾಟದ ಇಬೇ, ಸಾಫ್ಟ್‌ವೇರಿನ ಸರ್ವಿಸ್‌ನೌ ಕಂಪನಿಗಳಲ್ಲಿ ಪಳಗಿದವರು. ಆಪ್‌ನಲ್ಲಿ, ಸ್ವಂತ ಮಳಿಗೆಯಲ್ಲಿ ಮಾರಿದರೆ ಅಂಗಡಿಯವನ ಪಾಲು ಉಳಿಯುತ್ತದೆ ಅನ್ನುವುದು ಅವರ ಲೆಕ್ಕ. ಅಮೆರಿಕದ ಎಷ್ಟೋ ಅಂಗಡಿಗಳಿಗೆ ಮಾಲು ನಿಂತಿತು. ಆ ಜಾಗದಲ್ಲಿ 'ಹೋಕಾ', 'ಆನ್' ಅನ್ನುವ ಬೇರೆ ಕಂಪನಿಗಳ ಶೂಗಳು ಬಂದು ಕೂತವು.

ಧೋಬಿ ತಲಾವ್‌ನ ಸ್ಪೋರ್ಟ್ಸ್ ಅಂಗಡಿ ಸಾಲಿನಲ್ಲಿ ಒಂದು ಸಂಜೆ ಸುಮ್ನೆ ನಿಂತರೂ ಇದು ಅರ್ಥವಾಗುತ್ತದೆ. ಗಿರಾಕಿ ಒಂದು ಹೆಸರು ಹೇಳಿಕೊಂಡು ಒಳಗೆ ಬರುತ್ತಾನೆ. ಅದು ಇಲ್ಲ ಅಂದರೆ ಅಂಗಡಿಯವನು ಅವನನ್ನು ಹಾಗೇ ಬಿಡುತ್ತಾನಾ? ಇನ್ನೊಂದು ಡಬ್ಬ ತೆಗೆದು, 'ಯೇ ಪೆಹನ್ ಕೆ ದೇಖೋ' ಅನ್ನುತ್ತಾನೆ. ಕಾಲಿಗೆ ಸರಿಯಾಗಿ ಕೂತರೆ ಮುಗೀತು, ಹಳೇ ಹೆಸರು ಮರೆತುಹೋಗುತ್ತದೆ.

2024ರ ಅಕ್ಟೋಬರ್‌ನಲ್ಲಿ ಕಂಪನಿ ಹಿಲ್ ಅವರನ್ನೇ ವಾಪಸ್ ಕರೆಸಿ ಸಿಇಒ ಮಾಡಿತು. ಮುನಿಸಿಕೊಂಡ ಅಂಗಡಿಯವರನ್ನು ಮತ್ತೆ ಮಾತಾಡಿಸುವುದು ಅವರು ಮೊದಲು ಕೈಗೆತ್ತಿಕೊಂಡ ಕೆಲಸಗಳಲ್ಲಿ ಒಂದು.

ವಿರೋಧ

ಹೋಟೆಲಿನ ಕಥೆ ಕೇಳೋಕೆ ಚೆನ್ನಾಗಿದೆ. ಆದರೆ ಕ್ಲೀನರ್ ಆಗಿ ಬಂದು ಮಾಲೀಕರಾದವರ ಹೋಟೆಲುಗಳೂ ಬಾಗಿಲು ಮುಚ್ಚಿವೆ, ಅಲ್ವಾ? 'ನಮ್ಮಲ್ಲಿ ಮೊದಲಿಂದ ಹೀಗೇ' ಅನ್ನುವ ಮಾತು ಹಳಬರ ಬಾಯಲ್ಲೇ ಜಾಸ್ತಿ.

ಪೂಮಾ ನೋಡಿ. ವರ್ಷಗಟ್ಟಲೆ ನಷ್ಟದಲ್ಲಿದ್ದ ಕಂಪನಿ. 1993ರಲ್ಲಿ ಅದರ ಹೊಣೆ ಹೊತ್ತ ಯೋಖೆನ್ ಝೈಟ್ಸ್‌ಗೆ ಬರೀ 30 ವರ್ಷ. ಅಲ್ಲಿಗೆ ಬಂದು ಮೂರೇ ವರ್ಷವಾಗಿತ್ತು. ಅದಕ್ಕೂ ಮೊದಲು ಟೂತ್‌ಪೇಸ್ಟ್ ಮಾಡುವ ಕೋಲ್ಗೇಟ್‌ನಲ್ಲಿದ್ದರು! ಆಟದ ಶೂವನ್ನು ಫ್ಯಾಷನ್ ಮಾಡಿ ಪೂಮಾವನ್ನು ಎಬ್ಬಿಸಿ ನಿಲ್ಲಿಸಿದ್ದು ಅವರೇ.

ಒಳಗಿನವರ ಕೂಟಕ್ಕೆ ಒಳಗಿನ ತಪ್ಪು ಕಾಣುವುದೂ ಕಷ್ಟ. ನೈಕಿಗೆ 1979ರಲ್ಲಿ ಡಿಸೈನರ್ ಆಗಿ ಸೇರಿ, 2006ರಲ್ಲಿ ಸಿಇಒ ಆದವರು ಮಾರ್ಕ್ ಪಾರ್ಕರ್. ಅವರ ಕಾಲದಲ್ಲೇ, 2018ರಲ್ಲಿ, ಮಹಿಳಾ ಉದ್ಯೋಗಿಗಳ ದೂರುಗಳು ಹೊರಬಂದು ಹಲವು ಹಿರಿಯ ಅಧಿಕಾರಿಗಳು ಕಂಪನಿ ಬಿಡಬೇಕಾಯಿತು.

ಇನ್ನು ಡೊನಹೋ ಮೇಲಿನ ದೂರು. ಅವರು ಬಂದ ಕೆಲವೇ ವಾರಗಳಲ್ಲಿ ಕೋವಿಡ್‌ನಿಂದ ಅಂಗಡಿಗಳೇ ಮುಚ್ಚಿದವು. ಆಪ್ ಬಿಟ್ಟು ಇನ್ನೆಲ್ಲಿ ಮಾರಬೇಕಿತ್ತು? ಸುಮಾರು 37 ಬಿಲಿಯನ್ ಡಾಲರ್ ಇದ್ದ ವಾರ್ಷಿಕ ಮಾರಾಟ 2023ರ ಹೊತ್ತಿಗೆ 51 ದಾಟಿತ್ತು. ಅಂಗಡಿಗಳನ್ನು ಕಮ್ಮಿ ಮಾಡಿ ನೇರವಾಗಿ ಮಾರುವ ಯೋಜನೆಯನ್ನು ನೈಕಿ ಸಾರಿದ್ದು 2017ರಲ್ಲಿ, ಪಾರ್ಕರ್ ಸಿಇಒ ಆಗಿದ್ದಾಗ. ಸಾಂಬಾರಿಗೆ ಮೊದಲ ಚೆಂಬು ನೀರು ಬಿದ್ದಾಗ ಹಿಲ್ ಕೂಡ ಅದೇ ಅಡುಗೆಮನೆಯಲ್ಲಿ, ದೊಡ್ಡ ಹುದ್ದೆಯಲ್ಲೇ ಇದ್ದರು.