ಡೈವೋರ್ಸ್ ಆಮೇಲೆ, ಮೊದಲು ಮಗುವಿನ ಫೀಸು

ಗಂಡ ಮನೆ ಬಿಟ್ಟು ಹೋದ ಅಂತ ಗೊತ್ತಾದ ವಾರದೊಳಗೆ ನೆಂಟರು ಕೇಳುವುದು ಒಂದೇ ಪ್ರಶ್ನೆ: ‘ಡೈವೋರ್ಸ್‌ಗೆ ಹಾಕಿದ್ಯೇನಮ್ಮಾ?’ ಹೆಂಡತಿ ಹೋದರೂ ಅದೇ. ಈ ತಿಂಗಳು ಮಗುವಿನ ಸ್ಕೂಲ್ ಫೀಸು ಯಾರು ಕಟ್ಟುತ್ತಾರೆ ಅಂತ ಕೇಳಿದವರನ್ನು ನಾನು ಕಂಡಿದ್ದು ಕಡಿಮೆ. ತಾಲೂಕು ಕೋರ್ಟಿನಲ್ಲಿ ವಕೀಲಿಕೆ ಮಾಡುವ ನನ್ನ ಅಭಿಪ್ರಾಯ ಇಷ್ಟು. ಡೈವೋರ್ಸ್ ಅರ್ಜಿ ಕೊನೆಗೆ ಬಿದ್ದರೂ ನಡೆಯುತ್ತದೆ. ಮಗುವಿನ ಖರ್ಚು, ಮಗು ಯಾರ ಹತ್ತಿರ ಇರಬೇಕು, ಈ ಎರಡಕ್ಕೆ ಮೊದಲು ಅರ್ಜಿ ಬೀಳಬೇಕು.

ಹೇಗಿದ್ದರೂ ‘ಬಿಟ್ಟು ಹೋದ’ ಅನ್ನುವ ಕಾರಣಕ್ಕೆ ನಾಳೆಯೇ ಡೈವೋರ್ಸ್ ಸಿಗುವುದಿಲ್ಲ. 1955ರ ಹಿಂದೂ ವಿವಾಹ ಕಾಯ್ದೆ ಪ್ರಕಾರ, ಅರ್ಜಿ ಹಾಕುವ ಹೊತ್ತಿಗೆ ಸತತ ಎರಡು ವರ್ಷ ಬಿಟ್ಟಿರಬೇಕು. ಸುಮ್ನೆ ಬೇರೆ ಇದ್ದರೆ ಸಾಲದು. ಸಂಸಾರ ಬೇಡ ಅಂತಲೇ, ಸರಿಯಾದ ಕಾರಣ ಇಲ್ಲದೆ ಹೋಗಿರಬೇಕು. ದುಬೈಗೆ ದುಡಿಯಲು ಹೋದವನು ಇದರಲ್ಲಿ ಬರುವುದಿಲ್ಲ. ಹೊಡೆತ ತಾಳದೆ ತವರಿಗೆ ಬಂದವಳೂ ಬರುವುದಿಲ್ಲ. ಅವಳು ಹೊರಗೆ ಹೋಗುವ ಹಾಗೆ ಮಾಡಿದವನೇ ಬಿಟ್ಟವನು ಅಂತ ಕೋರ್ಟು ನೋಡುತ್ತದೆ. ಇದನ್ನು ಜಡ್ಜ್‌ಗೆ ಒಪ್ಪಿಸಬಹುದು, ಅತ್ತೆ ಮನೆಯ ಬೀದಿಗೆ ಒಪ್ಪಿಸುವುದು ಕಷ್ಟ.

ಅಲ್ಲಿವರೆಗೂ ಮಗು ಊಟ ಮಾಡಬೇಕಲ್ವಾ? ಹಳಬರು ಈಗಲೂ ‘ಒಂದು ನೂರಿಪ್ಪತ್ತೈದು ಹಾಕಿ ಮೇಡಂ’ ಅನ್ನುತ್ತಾರೆ. ಹಳೆಯ ಕ್ರಿಮಿನಲ್ ಪ್ರೊಸೀಜರ್ ಕೋಡ್‌ನ 125ನೇ ಕಲಂನ ಆ ಜೀವನಾಂಶದ ಅರ್ಜಿ 2024ರ ಜುಲೈ 1ರಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 144ನೇ ಕಲಂ ಆಗಿದೆ. ಎಲ್ಲ ಧರ್ಮದವರೂ ಹಾಕಬಹುದು. ನೋಟಿಸ್ ಜಾರಿಯಾದ 60 ದಿನದೊಳಗೆ ಆದಷ್ಟು ಮಟ್ಟಿಗೆ ಮಧ್ಯಂತರ ಆದೇಶ ಆಗಬೇಕು ಅಂತ ಕಾನೂನು ಹೇಳುತ್ತದೆ. ನೋಟಿಸ್ ಜಾರಿಯಾಗುವುದೇ ಒಂದು ದೊಡ್ಡ ಕಥೆ, ಅದು ಬಿಡಿ. 2020ರಲ್ಲಿ ರಜನೀಶ್ ವಿರುದ್ಧ ನೇಹಾ ಕೇಸಿನಲ್ಲಿ ಸುಪ್ರೀಂ ಕೋರ್ಟು ಎರಡು ಮುಖ್ಯ ಮಾತು ಹೇಳಿತು. ಇಬ್ಬರೂ ತಮ್ಮ ಆದಾಯ, ಆಸ್ತಿ, ಸಾಲದ ಅಫಿಡವಿಟ್ ಕೊಡಬೇಕು. ಜೀವನಾಂಶದ ಲೆಕ್ಕ ಅರ್ಜಿ ಹಾಕಿದ ದಿನದಿಂದ ಶುರು. ‘ಹಬ್ಬ ಮುಗೀಲಿ, ಆಮೇಲೆ ನೋಡೋಣ’ ಅಂದರೆ ಅಷ್ಟು ತಿಂಗಳ ದುಡ್ಡು ಹೋಯಿತು ಅಂತಲೇ ಅರ್ಥ.

ಒಬ್ಬಾಕೆ ಬಟ್ಟೆ ಅಂಗಡಿಯ ಕವರಿನಲ್ಲಿ ಕಾಗದ ತಂದಿದ್ದರು. ಅರಿಶಿನ ಹಚ್ಚಿದ ಲಗ್ನಪತ್ರಿಕೆ, ಛತ್ರದ ರಸೀದಿ, ತಾಳಿ ಕಟ್ಟುವಾಗಿನ ಒಂದು ಫೋಟೋ, ಮಗುವಿನ ತಾಯಿ ಕಾರ್ಡು, ಗಂಡನ ಬೈಕ್ ಲೋನಿನ ಕಾಗದ. ಮದುವೆ ರಿಜಿಸ್ಟರ್ ಆಗಿರಲಿಲ್ಲ. ಕೇಸು ನಿಂತಿದ್ದೇ ಆ ಕವರಿನ ಮೇಲೆ. ಕೋರ್ಟಿನಲ್ಲಿ ‘ನನಗೆ ಕೆಲಸವೇ ಇಲ್ಲ’ ಅಂದವನು ಲೋನ್ ಅರ್ಜಿಯಲ್ಲಿ ತನ್ನ ಸಂಬಳ ತಾನೇ ಬರೆದಿದ್ದ!

ಇನ್ನು ಮಗು ಯಾರ ಹತ್ತಿರ ಅನ್ನುವ ವಿಚಾರ. ಐದು ವರ್ಷದೊಳಗಿನ ಮಗು ಸಾಮಾನ್ಯವಾಗಿ ತಾಯಿಯ ಹತ್ತಿರ ಇರಬೇಕು ಅಂತ ಹಿಂದೂಗಳಿಗೆ 1956ರ ಕಾಯ್ದೆ ಇದೆ. ಇದನ್ನೇ ಹಿಡಿದು ‘ಐದು ತುಂಬಲಿ, ಕರ್ಕೊಂಡು ಹೋಗ್ತೀವಿ’ ಅಂತ ಹೆದರಿಸುವವರು ಜಾಸ್ತಿ. ಐದು ತುಂಬಿದ ಕೂಡಲೇ ಮಗು ಅಪ್ಪನ ಪಾಲಿಗೆ ಹೋಗುತ್ತದೆ ಅಂತ ಎಲ್ಲೂ ಬರೆದಿಲ್ಲ. ಅದೇ ಕಾಯ್ದೆಯ 13ನೇ ಕಲಂ ಮಗುವಿನ ಹಿತವೇ ದೊಡ್ಡದು ಅನ್ನುತ್ತದೆ. ಹಾಗಾಗಿ ತಾಯಿ ಬಿಟ್ಟು ಹೋದ ಮೇಲೆ ಮಗುವನ್ನು ಚೆನ್ನಾಗಿ ನೋಡಿಕೊಳ್ಳುತ್ತಿರುವ ಅಪ್ಪನೂ ಧೈರ್ಯವಾಗಿ ಅರ್ಜಿ ಹಾಕಬಹುದು. 1890ರ ಗಾರ್ಡಿಯನ್ಸ್ ಅಂಡ್ ವಾರ್ಡ್ಸ್ ಕಾಯ್ದೆ ಪ್ರಕಾರ ಅರ್ಜಿ ಹೋಗಬೇಕಾದ್ದು ಮಗು ಸಾಮಾನ್ಯವಾಗಿ ವಾಸ ಇರುವ ಜಾಗದ ಕೋರ್ಟಿಗೆ. ಅದಕ್ಕೇ ಕೆಲವರು ರಾತ್ರೋರಾತ್ರಿ ಟಿಸಿ ತೆಗೆಸಿ ಊರು ಬದಲಿಸುತ್ತಾರೆ. ದಯವಿಟ್ಟು ಆ ಕೆಲಸ ಮಾಡಬೇಡಿ, ಜಡ್ಜ್‌ಗಳಿಗೆ ಇದೆಲ್ಲ ಹೊಸದಲ್ಲ.

ಮಗುವಿಗೆ ಪಾಠ ಹೇಳಿಕೊಟ್ಟು ಕರೆತರುವವರ ಮೇಲೆ ಮಾತ್ರ ನನಗೆ ಸಿಟ್ಟು ತಡೆಯಲು ಆಗುವುದಿಲ್ಲ. ನಮ್ಮ ಆಫೀಸಿನ ಬೆಂಚಿನ ಮೇಲೆ ಕಾಲು ಆಡಿಸುತ್ತಾ ಕೂತಿದ್ದ ಎರಡನೇ ಕ್ಲಾಸಿನ ಹುಡುಗನನ್ನು ‘ತಿಂಡಿ ಏನ್ ತಿಂದ್ಯೋ ಮರಿ?’ ಅಂತ ಕೇಳಿದೆ. ‘ಅಪ್ಪ ಮಾನಸಿಕ ಕಿರುಕುಳ ಕೊಡ್ತಿದ್ರು’ ಅಂದ. ಇಂಥ ಬಾಯಿಪಾಠ ಕೋರ್ಟಿನಲ್ಲಿ ಎರಡು ನಿಮಿಷವೂ ನಿಲ್ಲುವುದಿಲ್ಲ.

ಜೀವನಾಂಶ ಕೊಡಲಿಲ್ಲ ಅಂತ ಮಗುವನ್ನು ತೋರಿಸದಿರುವುದು, ತೋರಿಸಲಿಲ್ಲ ಅಂತ ದುಡ್ಡು ನಿಲ್ಲಿಸುವುದು, ಎರಡೂ ತಪ್ಪು. ಬಾಕಿಗೆ ವಸೂಲಿ ಅರ್ಜಿ ಇದೆ. 144ರ ಆದೇಶವಾದರೆ ದುಡ್ಡು ಬಾಕಿಯಾದ ದಿನದಿಂದ ಒಂದು ವರ್ಷದೊಳಗೆ ಅದನ್ನು ಹಾಕಬೇಕು, ಮರೆಯಬೇಡಿ.

ನಮ್ಮ ಕಡೆ ಇನ್ನೊಂದು ಪಿಡುಗು ಬಾಂಡ್ ಪೇಪರ್ ಡೈವೋರ್ಸ್. ಊರ ಹಿರಿಯರು ಕೂತು, ಛಾಪಾ ಕಾಗದದಲ್ಲಿ ‘ಇನ್ನು ಮುಂದೆ ನಮಗೂ ಇವರಿಗೂ ಸಂಬಂಧವಿಲ್ಲ’ ಅಂತ ಬರೆಸಿ, ನೋಟರಿ ಸೀಲು ಒತ್ತಿಸುತ್ತಾರೆ. ಸಮುದಾಯದ ರೂಢಿಯನ್ನು ಕೋರ್ಟಿನಲ್ಲಿ ಸಾಬೀತು ಮಾಡಿದ ಅಪರೂಪದ ಕೇಸು ಬಿಟ್ಟರೆ ಅದಕ್ಕೆ ಕವಡೆ ಕಿಮ್ಮತ್ತಿಲ್ಲ. ಅದನ್ನು ನಂಬಿ ಇನ್ನೊಂದು ಮದುವೆಯಾದರೆ ಅದೂ ಅಸಿಂಧು. ಮಗುವಿನ ಪಾಲಿನ ಹಣವನ್ನು ಬಿಟ್ಟುಕೊಟ್ಟೆ ಅಂತ ತಾಯಿ ಸಹಿ ಹಾಕಿದರೂ ಮಗುವಿನ ಹಕ್ಕು ಹೋಗುವುದಿಲ್ಲ.

ವಕೀಲರಿಗೆ ಕೊಡಲು ದುಡ್ಡಿಲ್ಲದವರು ಕಾನೂನು ಸೇವಾ ಪ್ರಾಧಿಕಾರದ 15100ಕ್ಕೆ ಫೋನ್ ಮಾಡಿ. ಹೆಂಗಸರಿಗೆ, ಮಕ್ಕಳಿಗೆ ಆದಾಯ ಎಷ್ಟೇ ಇದ್ದರೂ ಉಚಿತ ವಕೀಲರು ಸಿಗುತ್ತಾರೆ.

ಕೊನೆಗೆ ಇಬ್ಬರೂ ಒಪ್ಪಿದರೆ ಹಿಂದೂ ವಿವಾಹ ಕಾಯ್ದೆಯ 13ಬಿ ಕಲಂ ಇದೆ, ಅಂದರೆ ಒಪ್ಪಿಗೆಯ ಡೈವೋರ್ಸ್. ಒಂದು ವರ್ಷ ಬೇರೆ ಇದ್ದಿರಬೇಕು, ಅರ್ಜಿ ಹಾಕಿದ ಮೇಲೆ ಆರು ತಿಂಗಳು. ಆ ಆರು ತಿಂಗಳನ್ನು ಕೋರ್ಟು ಬೇಕಾದರೆ ಮನ್ನಾ ಮಾಡಬಹುದು ಅಂತ 2017ರಲ್ಲಿ ಸುಪ್ರೀಂ ಕೋರ್ಟು ಹೇಳಿದೆ. ಆ ಒಪ್ಪಂದದಲ್ಲಿ ‘ರಜೆಯಲ್ಲಿ ಮಗು ಅಪ್ಪನ ಹತ್ತಿರ’ ಅಂತ ಒಂದು ಸಾಲು ಬರೆಸಿ ಕೈ ತೊಳೆದುಕೊಳ್ಳಬೇಡಿ. ದಸರಾ ರಜೆ ಯಾರಿಗೆ, ಬೇಸಿಗೆಯಲ್ಲಿ ಎಷ್ಟು ದಿನ, ಬಸ್ ಸ್ಟ್ಯಾಂಡಿಗೆ ಕರೆತಂದು ಬಿಡುವವರು ಯಾರು, ಪಾಸ್‌ಪೋರ್ಟ್ ಅರ್ಜಿಗೆ ಸಹಿ ಯಾರದ್ದು, ಕಾಲೇಜಿಗೆ ಸೇರುವಾಗ ಫೀಸು ಯಾರು ಕಟ್ಟಬೇಕು, ಎಲ್ಲ ಬರೆಸಿ. ವಕೀಲರು ‘ಇಷ್ಟೆಲ್ಲಾ ಯಾಕಮ್ಮಾ’ ಅಂತ ಗೊಣಗಿದರೂ ಬರೆಸಿ.