ಲೋನ್ ಇದೆ ಅಂತ ಮೊದಲೇ ಹೇಳಿಬಿಡಿ

‘ಲೋನ್ ರನ್ನಿಂಗ್ ಇದೆ. ಇಷ್ಟು ಕೈಗೆ ಕೊಡಿ, ಉಳಿದ ಕಂತು ಕಟ್ಟಿಕೊಂಡು ಹೋಗಿ.’ ಹಳೇ ಕಾರುಗಳ ಜಾಹೀರಾತಿನಲ್ಲಿ ಈ ಸಾಲು ಆಗಾಗ ಕಣ್ಣಿಗೆ ಬೀಳುತ್ತದೆ. ಇಂಥ ವ್ಯವಹಾರದಲ್ಲಿ ಮೋಸ ಹೋಗುವುದು ಕೊಳ್ಳುವವನು ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ನನಗೆ ಮಾತ್ರ ಮಾರುವವನ ಬಗ್ಗೆಯೇ ಜಾಸ್ತಿ ಚಿಂತೆ. ಗಾಡಿ ಕೈಬಿಟ್ಟು ಹೋಗಿರುತ್ತದೆ, ಸಾಲ ಮಾತ್ರ ಅವನ ಹೆಸರಲ್ಲೇ ಇರುತ್ತದೆ.

ನಮ್ಮ ಚಿಕ್ಕಪ್ಪನ ಮಗ ಹೀಗೇ ಕೊಟ್ಟ. ತಗೊಂಡವನು ಪರಿಚಯದವನೇ. ‘ಬಿಡಣ್ಣ, ಕಂತು ನಾನ್ ಕಟ್ಕೊಂಡ್ ಹೋಗ್ತೀನಿ, ನಿಂಗ್ಯಾಕ್ ಟೆನ್ಷನ್’ ಅಂದ. ಛಾಪಾ ಕಾಗದದ ಮೇಲೆ ಅಗ್ರಿಮೆಂಟ್ ಆಯಿತು, ನೋಟರಿ ಸೀಲೂ ಬಿತ್ತು. ಕೆಲವು ತಿಂಗಳು ದುಡ್ಡು ಸರಿಯಾಗಿ ಬಂತು. ಆಮೇಲೆ ನಿಂತಿತು. ಬ್ಯಾಂಕಿನವರು ಫೋನ್ ಮಾಡಿದ್ದು ಇವನಿಗೆ. ಸಿಬಿಲ್ ಸ್ಕೋರ್ ಬಿದ್ದದ್ದು ಇವನದು. ಸಿಗ್ನಲ್ ಜಂಪ್ ಮಾಡಿದ ದಂಡದ ನೋಟಿಸೂ ಇವನ ಮೊಬೈಲಿಗೇ. ಆ ಅಗ್ರಿಮೆಂಟ್ ಹಿಡಿದು ಬ್ಯಾಂಕಿಗೆ ಹೋದರೆ ಅಲ್ಲಿನ ಮ್ಯಾನೇಜರ್ ಅದನ್ನು ಪೂರ್ತಿ ಓದಲೂ ಇಲ್ಲ. ಯಾಕೆ ಓದಬೇಕು? ಬ್ಯಾಂಕ್ ಆ ಕಾಗದಕ್ಕೆ ಸಹಿ ಹಾಕಿಲ್ಲವಲ್ಲ.

ಕಾನೂನು ಈ ವಿಷಯದಲ್ಲಿ ಸ್ಪಷ್ಟವಾಗಿದೆ. ಸಾಲದ ಗಾಡಿಯ ಆರ್‌ಸಿಯಲ್ಲಿ ಬ್ಯಾಂಕಿನ ಹೆಸರು ಸೇರಿರುತ್ತದೆ. ಎಲ್ಲರೂ ‘ಎಚ್‌ಪಿ ಇದೆ’ ಅನ್ನುವುದು ಇದಕ್ಕೇ. 1988ರ ಮೋಟಾರು ವಾಹನ ಕಾಯ್ದೆಯ 51ನೇ ಸೆಕ್ಷನ್ ಪ್ರಕಾರ, ಸಾಲ ಕೊಟ್ಟವರ ಲಿಖಿತ ಒಪ್ಪಿಗೆ ಇಲ್ಲದೆ ಆರ್‌ಸಿಯಲ್ಲಿ ಮಾಲೀಕರ ಹೆಸರು ಬದಲಾಗುವಂತಿಲ್ಲ. ಹೆಸರು ಬದಲಾಗದೆ ಗಾಡಿ ಅಪಘಾತ ಮಾಡಿದರೆ? 2018ರಲ್ಲಿ ಸುಪ್ರೀಂ ಕೋರ್ಟ್ ಮುಂದೆ ಇಂಥದೇ ಪ್ರಶ್ನೆ ಬಂದಿತ್ತು. ಗಾಡಿ ಹಲವರ ಕೈ ದಾಟಿ ಹೋಗಿತ್ತು, ಆರ್‌ಸಿಯಲ್ಲಿ ಮಾತ್ರ ಮೊದಲನೆಯವನ ಹೆಸರೇ ಉಳಿದಿತ್ತು. ಪರಿಹಾರದ ಹೊಣೆ ಅವನದೇ ಅಂತ ತೀರ್ಪು ಬಂತು. ಎಲ್ಲೋ ಯಾರೋ ಓಡಿಸಿದ ಗಾಡಿಗೆ, ಎಂದೋ ಮಾರಿ ಕೈ ತೊಳೆದುಕೊಂಡವನು ಉತ್ತರ ಕೊಡಬೇಕಾಯಿತು.

ಇಷ್ಟೆಲ್ಲ ಇದ್ದೂ ಜನ ಅಡ್ಡದಾರಿ ಯಾಕೆ ಹಿಡಿಯುತ್ತಾರೆ? ನಾಚಿಕೆಯೂ ಒಂದು ಕಾರಣ ಅಂತ ನನಗನ್ನಿಸುತ್ತದೆ. ಸಾಲ ಬಾಕಿ ಇದೆ ಅಂತ ಮೊದಲೇ ಹೇಳಿದರೆ ಗಿರಾಕಿ ಓಡಿಹೋಗುತ್ತಾನೆ, ಇಲ್ಲ ರೇಟು ಇಳಿಸುತ್ತಾನೆ ಅನ್ನೋ ಅಂಜಿಕೆ. ಆದರೆ ಬಚ್ಚಿಟ್ಟರೂ ಉಪಯೋಗವಿಲ್ಲ. ಆರ್‌ಸಿ ತಿರುಗಿಸಿ ನೋಡಿದರೆ ಗೊತ್ತಾಗುತ್ತದೆ, ಸರ್ಕಾರದ ವಾಹನ್ ಪೋರ್ಟಲ್‌ನಲ್ಲೂ ಸಿಗುತ್ತದೆ. ಸೈಟ್ ತಗೊಳ್ಳುವಾಗ ಅದರ ಮೇಲೆ ಸಾಲಗೀಲ ಇದೆಯಾ ಅಂತ ತಿಳಿಸುವ ಇಸಿ ತೆಗೆಸದೆ ಒಂದು ರೂಪಾಯಿ ಬಿಚ್ಚದವರು ನಾವು, ಕಾರಿಗೆ ಅಷ್ಟೂ ನೋಡಲ್ವಾ?

ಇನ್ನೊಂದು ಕಾರಣ ಲೆಕ್ಕದ್ದು. ಎಂಟು ಲಕ್ಷ ಸಾಲ, ಶೇಕಡಾ 9 ಬಡ್ಡಿ, ಏಳು ವರ್ಷ ಅಂತಿಟ್ಟುಕೊಳ್ಳಿ. ಕಂತು ತಿಂಗಳಿಗೆ ಸುಮಾರು 12,870 ರೂಪಾಯಿ. ಮೂರು ವರ್ಷ ತಪ್ಪದೆ ಕಟ್ಟಿದರೆ 4.63 ಲಕ್ಷ ಕಟ್ಟಿದ ಹಾಗಾಯಿತು. ಅಸಲು ಎಷ್ಟು ಉಳಿದಿದೆ? ಇನ್ನೂ 5.17 ಲಕ್ಷ! ಕೊನೆಯ ವರ್ಷಗಳಿಗಿಂತ ಮೊದಲ ವರ್ಷಗಳಲ್ಲಿ ಬಡ್ಡಿ ಜಾಸ್ತಿ ನುಂಗುತ್ತದೆ. ಆ ಕಡೆ ಕಾರಿನ ಬೆಲೆ ಶೋರೂಮ್ ಬಾಗಿಲು ದಾಟಿದ ದಿನದಿಂದಲೇ ಇಳಿಯುತ್ತಿರುತ್ತದೆ. ಹಾಗಾಗಿ ಕಾರು ಮಾರಿದ ದುಡ್ಡಿನಲ್ಲಿ ಸಾಲವೇ ತೀರದ ಪರಿಸ್ಥಿತಿ ಬರಬಹುದು. ಆಗ ಕಮ್ಮಿ ಬಿದ್ದದ್ದನ್ನು ಕೈಯಿಂದ ಹಾಕಬೇಕು. ಕಹಿ ಅನ್ನಿಸುತ್ತದೆ, ಆದರೆ ‘ಕಂತು ನೀವೇ ಕಟ್ಟಿಕೊಳ್ಳಿ’ ಅನ್ನೋದಕ್ಕಿಂತ ಇದೇ ಅಗ್ಗ.

ಹಾಗಾದರೆ ಸರಿಯಾದ ದಾರಿ? ಮೊದಲು ಬ್ಯಾಂಕಿನಿಂದ ಫೋರ್‌ಕ್ಲೋಸರ್ ಲೆಟರ್ ತಗೊಳ್ಳಿ. ಇಂಥ ದಿನಾಂಕದವರೆಗೆ ಇಷ್ಟು ಕಟ್ಟಿದರೆ ಸಾಲ ಮುಗಿಯಿತು ಅಂತ ಅದರಲ್ಲಿರುತ್ತದೆ. ಅವಧಿಗೆ ಮುಂಚೆ ಮುಗಿಸುವ ಶುಲ್ಕ ಇದ್ದರೆ ಅದೂ ಸೇರಿರಬೇಕು, ಕೇಳಿ ಖಾತ್ರಿ ಮಾಡಿಕೊಳ್ಳಿ. ಆ ಪತ್ರವನ್ನು ಗಿರಾಕಿಗೆ ಮೊದಲ ಭೇಟಿಯಲ್ಲೇ ತೋರಿಸಿ. ವಿಚಿತ್ರ ಅಂದರೆ, ಹೀಗೆ ತೋರಿಸಿದವರನ್ನೇ ಜನ ಹೆಚ್ಚು ನಂಬುತ್ತಾರೆ. ರೇಟಿನ ಚೌಕಾಸಿ ಹೇಗಿದ್ದರೂ ಇದ್ದದ್ದೇ.

ದುಡ್ಡಿನ ವಿಷಯದಲ್ಲಿ ನಾನು ಹಠ ಹಿಡಿಯುವುದು ಒಂದಕ್ಕೇ: ಗಿರಾಕಿಯ ದುಡ್ಡು ನಿಮ್ಮ ಕೈಗೆ ಬರಬಾರದು, ನೇರವಾಗಿ ಸಾಲದ ಖಾತೆಗೆ ಹೋಗಬೇಕು. ಇಬ್ಬರೂ ಒಟ್ಟಿಗೆ ಬ್ಯಾಂಕಿಗೆ ಹೋಗಿ, ಅಲ್ಲೇ ಕಟ್ಟಿಸಿ, ರಸೀದಿ ತಗೊಳ್ಳಿ. ಸಾಲಕ್ಕೆ ಹೋಗಿ ಮಿಕ್ಕ ದುಡ್ಡನ್ನು, ಸಾಲ ತೀರಿದೆ ಅಂತ ಬ್ಯಾಂಕ್ ಕೊಡುವ ಪತ್ರ, ಅಂದರೆ ಎನ್‌ಒಸಿ ಬರುವವರೆಗೆ ಗಿರಾಕಿ ತನ್ನ ಹತ್ತಿರವೇ ಇಟ್ಟುಕೊಳ್ಳಲಿ. ಗಾಡಿ ಅಲ್ಲಿಯವರೆಗೆ ನಿಮ್ಮ ಮನೆಯಲ್ಲಿರಲಿ, ಎರಡನೇ ಕೀ ಬೇಕಾದರೆ ಅವರಿಗೆ ಕೊಡಿ. ಲಕ್ಷಾಂತರ ಕಟ್ಟಿ ಬರಿಗೈಲಿ ಹೋಗು ಅಂದರೆ ಯಾರಿಗಾದರೂ ಎದೆ ಡವಡವ ಅನ್ನುತ್ತೆ. ಗಿರಾಕಿಯೂ ಸಾಲ ಮಾಡಿ ಕೊಳ್ಳುತ್ತಿದ್ದರೆ ಕೆಲಸ ಇನ್ನೂ ಸುಲಭ. ಅವರ ಬ್ಯಾಂಕಿನಿಂದ ದುಡ್ಡು ನೇರ ನಿಮ್ಮ ಸಾಲದ ಖಾತೆಗೇ ಹೋಗುವಂತೆ ಕೇಳಿಕೊಳ್ಳಬಹುದು.

ಅಂದ ಹಾಗೆ, ‘ಕ್ಯಾಶ್ ಕೊಡ್ತೀನಿ, ಸ್ವಲ್ಪ ಕಮ್ಮಿ ಮಾಡ್ಕೊಳ್ಳಿ’ ಅನ್ನುವವರು ಸಿಕ್ಕೇ ಸಿಗುತ್ತಾರೆ. ಒಂದು ವ್ಯವಹಾರಕ್ಕೆ ಎರಡು ಲಕ್ಷ ಅಥವಾ ಅದಕ್ಕಿಂತ ಹೆಚ್ಚು ನಗದು ತಗೊಳ್ಳುವುದಕ್ಕೆ ಆದಾಯ ತೆರಿಗೆ ಕಾನೂನಿನಲ್ಲಿ 2017ರಿಂದ ಅವಕಾಶವಿಲ್ಲ. ದಂಡ ಬೀಳುವುದು ದುಡ್ಡು ತಗೊಂಡವರಿಗೆ, ಅದೂ ತಗೊಂಡಷ್ಟೇ ಮೊತ್ತ.

ಸಾಲ ಮುಗಿದ ಮೇಲೆ ಬ್ಯಾಂಕ್ ಎನ್‌ಒಸಿ ಜೊತೆ ಫಾರ್ಮ್ 35 ಕೊಡುತ್ತದೆ. ಅದರಿಂದ ಆರ್‌ಸಿಯಲ್ಲಿನ ಎಚ್‌ಪಿ ತೆಗೆಸಬೇಕು. ಎನ್‌ಒಸಿಗೂ ಸಾಮಾನ್ಯವಾಗಿ ಅವಧಿ ಇರುತ್ತದೆ, ಬೀರುವಿನಲ್ಲಿಟ್ಟು ಮರೆತರೆ ಮತ್ತೆ ಬ್ಯಾಂಕಿಗೆ ಅಲೆಯಬೇಕು. ಹೆಸರು ಬದಲಾವಣೆಗೆ ಫಾರ್ಮ್ 29, 30. ಬ್ರೋಕರ್‌ಗಳು ಇವುಗಳ ಖಾಲಿ ಪ್ರತಿಗೆ ಸಹಿ ಕೇಳುತ್ತಾರೆ, ‘ಸಾರ್, ಎಲ್ಲರೂ ಹಂಗೇ ಕೊಡೋದು’ ಅಂತ. ಎಲ್ಲರೂ ಕೊಡುತ್ತಾರೆ ನಿಜ, ನೀವು ಕೊಡಬೇಡಿ. ಕೊಳ್ಳುವವರ ಹೆಸರು, ದಿನಾಂಕ ತುಂಬಿದ ಮೇಲೆಯೇ ಪೆನ್ನು ಮುಟ್ಟಿ. ರಾಜ್ಯದೊಳಗೇ ಮಾರಿದರೆ 14 ದಿನದೊಳಗೆ ಆರ್‌ಟಿಒಗೆ ತಿಳಿಸುವುದು ಮಾರಿದವರ ಕೆಲಸ. ಗಾಡಿ ಒಪ್ಪಿಸಿದ ದಿನ, ಗಂಟೆ ಬರೆದು ಇಬ್ಬರೂ ಸಹಿ ಹಾಕಿದ ಒಂದು ಚೀಟಿ ಇಟ್ಟುಕೊಳ್ಳಿ. ಅದು ಆರ್‌ಸಿಗೆ ಬದಲಿ ಅಲ್ಲ, ಆದರೂ ಮಧ್ಯದ ದಿನಗಳಲ್ಲಿ ಪೊಲೀಸರು ಫೋನ್ ಮಾಡಿದರೆ ತೋರಿಸಲು ಏನಾದರೂ ಬೇಕಲ್ಲ.

ಇನ್ಶೂರೆನ್ಸ್ ತಮ್ಮ ಹೆಸರಿಗೆ ಮಾಡಿಸಿಕೊಳ್ಳಿ ಅಂತ ಕೊಂಡವರಿಗೆ ನೆನಪಿಸಿ. ಇಲ್ಲದಿದ್ದರೆ ಗಾಡಿಗೆ ಪೆಟ್ಟು ಬಿದ್ದಾಗ ಕ್ಲೇಮ್ ಸಿಗದೆ ನಿಮಗೇ ಫೋನ್ ಬರುತ್ತದೆ. ಫಾಸ್ಟ್ಯಾಗ್ ಮುಚ್ಚಿಸುವುದನ್ನೂ ಮರೆಯಬೇಡಿ. ನನ್ನ ಗೆಳೆಯನೊಬ್ಬ ಅದೊಂದನ್ನು ಬಿಟ್ಟು ಬೇರೆಲ್ಲ ಮಾಡಿದ್ದ. ಹೊಸ ಮಾಲೀಕರು ಸಂಸಾರ ಸಮೇತ ಧರ್ಮಸ್ಥಳಕ್ಕೆ ಹೊರಟಾಗ ನೆಲಮಂಗಲದಿಂದಲೇ ಇವನ ಖಾತೆಯಲ್ಲಿ ಟೋಲ್ ದುಡ್ಡು ಕಟ್ ಆಗತೊಡಗಿತು. ಕೇಳಲು ಸಂಕೋಚವಂತೆ, ದೇವರ ಕೆಲಸ ಅಂತ ಸುಮ್ಮನಾದ.