ಸಿನಿಮಾ ಮಾರಾಟ ಆಗಿದೆ, ಪಾರ್ಟಿ ಕೇಳಬೇಡಿ

ಬಿ.ಎಚ್. ರಸ್ತೆಯಲ್ಲಿ ಟೀ ಕುಡಿಯೋಕೆ ನಿಂತರೆ ಯಾರಾದರೂ ಒಬ್ಬರು ಕೇಳಿಯೇ ಕೇಳುತ್ತಾರೆ. 'ಏನಣ್ಣಾ, ನಿಮ್ ಸಿನಿಮಾ ಒಟಿಟಿಗೆ ಹೋಯ್ತಂತೆ, ಕೋಟಿ ಬಂತಾ?' ಇಷ್ಟು ದಿನ ನಕ್ಕು ಸುಮ್ಮನಾಗುತ್ತಿದ್ದೆ. ಇವತ್ತು ಲೆಕ್ಕ ಹೇಳಿಬಿಡುತ್ತೇನೆ.

ನಾವು ಐದು ಜನ ಗೆಳೆಯರು ಸೇರಿ ಮಧುಗಿರಿ ಕಡೆಯ ಒಂದು ಹಳ್ಳಿಯಲ್ಲಿ 24 ದಿನ ಶೂಟಿಂಗ್ ಮಾಡಿದೆವು. ಖರ್ಚು 38 ಲಕ್ಷ. ಅದರಲ್ಲಿ ಒಬ್ಬನ ಸೈಟು ಇದೆ, ಇನ್ನೊಬ್ಬನ ಹೆಂಡತಿಯ ಒಡವೆ ಇದೆ, ಉಳಿದಿದ್ದು ಕೈಸಾಲ.

ಗಾಂಧಿನಗರದ ವಿತರಕರು ಎಂಜಿ ಕೊಡಲಿಲ್ಲ, ಅಂದರೆ ಇಂತಿಷ್ಟು ಅಂತ ಮೊದಲೇ ಕೊಟ್ಟು ಕೊಂಡುಕೊಳ್ಳಲಿಲ್ಲ. ಹೊಸಬರಿಗೆ ಕಮಿಷನ್ ಲೆಕ್ಕವೇ ಗತಿ. ಈಗ 200 ರೂಪಾಯಿ ಟಿಕೆಟ್ ಅಂದುಕೊಳ್ಳಿ. ಶೇ. 18 ಜಿಎಸ್‌ಟಿ ಹೋದರೆ ಸುಮಾರು 169 ಉಳಿಯಿತು, ಮಲ್ಟಿಪ್ಲೆಕ್ಸ್‌ನವರು ಅರ್ಧ ಇಟ್ಟುಕೊಂಡರು, ನಮ್ಮ ಕಡೆಗೆ ಹತ್ತಿರ ಹತ್ತಿರ 85, ಅದರಲ್ಲಿ ವಿತರಕರಿಗೆ ನಮ್ಮ ಕರಾರಿನ ಪ್ರಕಾರ ಶೇ. 20 ಕೊಟ್ಟರೆ 68. ಅದಾದರೂ ಕೈಗೆ ಬಂತಾ? ಪೋಸ್ಟರ್, ಪಬ್ಲಿಸಿಟಿ, ಥಿಯೇಟರ್‌ಗೆ ಸಿನಿಮಾನ ಡಿಜಿಟಲ್ ರೂಪದಲ್ಲಿ ತಲುಪಿಸೋ ಕ್ಯೂಬ್ ಕಂಪನಿಗೆ ಕಟ್ಟಿದ್ದು ಎಲ್ಲ ಮುರಿದುಕೊಂಡ ಮೇಲೆ ತಾನೇ ನಮ್ಮ ಸರದಿ. ಇಲ್ಲೇ ತುಮಕೂರಲ್ಲಿ ಥಿಯೇಟರ್‌ಗೆ ವಾರದ ಬಾಡಿಗೆ ಕಟ್ಟಿದ್ದೆವು. ಜನ ಬಂದರೂ ಬಾಡಿಗೆ, ಬರದಿದ್ದರೂ ಬಾಡಿಗೆ. ಶುಕ್ರವಾರ ಬೆಳಗಿನ ಆಟಕ್ಕೆ 14 ಜನ ಇದ್ದರು, ಅದರಲ್ಲಿ 6 ಜನ ನಮ್ಮ ನೆಂಟರು.

ಒಟಿಟಿ ಕಥೆ ಇನ್ನೂ ಚೆನ್ನಾಗಿದೆ. ರಕ್ಷಿತ್ ಶೆಟ್ಟಿ ಅಂಥವರೇ 2024ರಲ್ಲಿ 'ಏಕಂ' ಸರಣಿಗೆ ಒಟಿಟಿ ಸಿಗದೆ ಸ್ವಂತ ವೆಬ್‌ಸೈಟ್ ಮಾಡಿ ಬಿಡಬೇಕಾಯಿತು, ನಾವ್ಯಾವ ಲೆಕ್ಕ? ನಮಗೆ ಸಿಕ್ಕಿದ್ದು ನೋಡಿದ ಗಂಟೆಗೆ ಇಷ್ಟು ಅನ್ನೋ ಕರಾರು, ಅದೂ ಮಧ್ಯವರ್ತಿ ಕಂಪನಿಯ ಮೂಲಕ. ನೀವು ಅರ್ಧ ಗಂಟೆ ನೋಡಿ ನಿದ್ದೆ ಹೋದರೆ ನಮಗೆ ಅರ್ಧ ಗಂಟೆಯ ಕಾಸು. (ದಯವಿಟ್ಟು ನಿದ್ದೆ ಬಂದರೂ ಓಡಲು ಬಿಡಿ.) ಮೊದಲ ಮೂರು ತಿಂಗಳಿಗೆ ಮಧ್ಯವರ್ತಿಯ ಪಾಲು, ಸಬ್‌ಟೈಟಲ್ ಖರ್ಚು ಕಳೆದು ಬಂದಿದ್ದು 11,340 ರೂಪಾಯಿ. ತಲೆಗೆ 2,268. ಆವತ್ತೇ ಕ್ಯಾತ್ಸಂದ್ರಕ್ಕೆ ಹೋಗಿ ತಟ್ಟೆ ಇಡ್ಲಿ ತಿಂದು ಬಂದೆವು, ಅದೇ ನಮ್ಮ ಸಕ್ಸಸ್ ಮೀಟ್.

ಯಾರೂ ಮೋಸ ಮಾಡಿಲ್ಲ, ಬೇಜಾರು ಇರೋದೇ ಅಲ್ಲಿ. ಎಲ್ಲ ಕಾಗದದಲ್ಲಿದೆ, ಸಹಿ ನಮ್ಮದೇ. ಮದುವೆ ಮನೆಯವನೇ ಕೊನೇ ಪಂಕ್ತಿಗೆ ಕೂತಿದ್ದಾನೆ, ಅಷ್ಟು ಹೊತ್ತಿಗೆ ಒಬ್ಬಟ್ಟು ಖಾಲಿ. ಗುಬ್ಬಿ ವೀರಣ್ಣನವರ ಜಿಲ್ಲೆ ನಮ್ಮದು. ಕಂಪನಿ ನಾಟಕದಲ್ಲಿ ನಷ್ಟವೇ ಆದರೂ ಎಷ್ಟು ಜನ ಬಂದರು ಅಂತ ಕಣ್ಣಿಗೆ ಕಾಣುತ್ತಿತ್ತು. ನಮಗೆ ಮಧ್ಯವರ್ತಿ ಕಳಿಸಿದ ಎಕ್ಸೆಲ್ ಶೀಟೇ ವೇದ.

ಸರ್ಕಾರದ ಸಬ್ಸಿಡಿಗೆ ಅರ್ಜಿ ಹಾಕಿದ್ದೇವೆ, ಬಂದರೆ 10 ಲಕ್ಷ. ಬಡ್ಡಿ ಮಾತ್ರ ಯಾರಿಗೂ ಕಾಯಲ್ಲ.

ಹೋದ ವಾರ ಶೂಟಿಂಗ್ ಮಾಡಿದ ಹಳ್ಳಿಯಿಂದ ಫೋನ್ ಬಂತು. ಸಿನಿಮಾದಲ್ಲಿ ಅಜ್ಜಿ ಪಾತ್ರ ಮಾಡಿದವರು. 'ಜಾತ್ರೆ ದಿನ ಪರದೆ ಕಟ್ಟಿ ನಮ್ ಸಿನಿಮಾ ಹಾಕಪ್ಪಾ, ಊರೋರೆಲ್ಲ ಕೇಳ್ತಾವ್ರೆ' ಅಂದರು. ಕರಾರು ತೆಗೆದು ನೋಡಿದೆ. ಹತ್ತು ವರ್ಷ, ಪ್ರಪಂಚದ ಎಲ್ಲ ಕಡೆ, ಎಲ್ಲ ಹಕ್ಕೂ ಆ ಮಧ್ಯವರ್ತಿ ಕಂಪನಿಯದೇ. ಜಾತ್ರೆಗೆ ಒಂದೇ ಒಂದು ರಾತ್ರಿ ಬಿಡಿ ಅಂತ ಎರಡು ಮೇಲ್ ಹಾಕಿದ್ದೇನೆ. ಇನ್ನೂ ಉತ್ತರ ಬಂದಿಲ್ಲ. ಅಜ್ಜಿಗೆ ಏನು ಹೇಳೋದು ಅಂತ ಫೋನ್ ಎತ್ತುತ್ತಿಲ್ಲ.